ಕೋಲಾರ ಚಿನ್ನದ ಗಣಿಯ ತಮಿಳು ಸಮುದಾಯ

ಕೋಲಾರ ಜಿಲ್ಲೆಯ ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೆ ಹೋಗುವ ಕವಲು ರೈಲುದಾರಿಯ ಇಕ್ಕೆಲದಲ್ಲಿ, ಕೋರಮಂಡಲ್, ಉರಿಗಾಂ, ಚಾಂಪಿಯನ್ ನಿಲ್ದಾಣಗಳ ಸುತ್ತ ಹಬ್ಬಿರುವ ಗಣಿ ಲೈನುಗಳಲ್ಲಿ ನೆಲೆಸಿರುವ ಸಮುದಾಯ. ಮನೆಮಾತು ತಮಿಳು. ಹೆಚ್ಚಿನವರು ಪರಿಶಿಷ್ಟ ಜಾತಿಗೆ ಸೇರಿದವರು. ಸರ್ಕಾರಿ ಕಾಗದಪತ್ರಗಳಲ್ಲಿ ಆದಿದ್ರಾವಿಡರು. ಇವರಲ್ಲಿ ಹಿಂದೂಗಳೂ ಕ್ರೈಸ್ತರೂ ಇದ್ದಾರೆ, ಸಂಖ್ಯೆಯಲ್ಲಿ ಕಡಿಮೆಯಾದರೂ ಪ್ರಭಾವದಲ್ಲಿ ದೊಡ್ಡವರಾದ ಬೌದ್ಧರೂ ಇದ್ದಾರೆ. ಸುಮಾರು 120 ವರ್ಷ ಇವರ ಕೈಯಿಂದ ಮೇಲೆ ಬಂದ ಚಿನ್ನ 800 ಟನ್ನಿನಷ್ಟು. ಆ ಚಿನ್ನದ ಲೆಕ್ಕ ಕಂಪನಿಗಳ ಪುಸ್ತಕಗಳಲ್ಲಿ ಔನ್ಸಿನ ತನಕ ಸಿಗುತ್ತದೆ. ತೆಗೆದವರನ್ನು ಏನೆಂದು ಕರೆಯಬೇಕು ಎಂಬುದು ಮಾತ್ರ ಕಾಲಕಾಲಕ್ಕೆ ಬದಲಾಯಿತು: ಪರೆಯರು, ಪಂಚಮರು, ಕೂಲಿಗಳು, ಆದಿದ್ರಾವಿಡರು, ಬಿಜಿಎಂಎಲ್ (ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್) ನೌಕರರು, ಕೊನೆಗೆ ಮಾಜಿ ನೌಕರರು. ಈ ಹೆಸರುಗಳಲ್ಲಿ ಯಾವುದನ್ನು ಒಪ್ಪಿದರು, ಯಾವುದನ್ನು ಒಲ್ಲೆವೆಂದರು, ಯಾವುದನ್ನು ತಾವೇ ಕಟ್ಟಿಕೊಂಡರು ಎಂಬುದೇ ಈ ಸಮುದಾಯದ ಇತಿಹಾಸ.

ಗಣಿಗೆ ಮುನ್ನ ಮತ್ತು ಗಣಿಗೆ ಬಂದದ್ದು

1802ರಲ್ಲಿ ಮೈಸೂರು ರಾಜ್ಯದ ಪೂರ್ವದ ಗಡಿಯನ್ನು ಅಳೆಯಲು ಬಂದ ಲೆಫ್ಟಿನೆಂಟ್ ಜಾನ್ ವಾರನ್ ಈ ಭಾಗದಲ್ಲಿ ಚಿನ್ನ ಸಿಗುತ್ತದೆಂಬ ಮಾತನ್ನು ಕೇಳಿ ಹುಡುಕಾಡಿದ. ಉರಿಗಾಂ ಊರಿನವರು ಮಣ್ಣು ತಂದು ಅವನೆದುರಿಗೇ ತೊಳೆದು ಚಿನ್ನದ ಕಣ ತೋರಿಸಿದರು. ಮಾರಿಕುಪ್ಪಂನಲ್ಲಿ ಅವನು ಕಂಡದ್ದು ಬಾವಿಯಂಥ ಗುಂಡಿಗಳಿಗೆ ಇಳಿದು ಕಲ್ಲು ತೆಗೆಯುತ್ತಿದ್ದ ಪರೆಯರನ್ನು. ಗಂಡಸರು ಬುಟ್ಟಿಯನ್ನು ಕೈಯಿಂದ ಕೈಗೆ ದಾಟಿಸಿ ಮೇಲಕ್ಕೆ ಕಳಿಸುತ್ತಿದ್ದರು, ಹೆಂಗಸರು ಬಂಡೆಯ ಮೇಲೆ ಆ ಕಲ್ಲನ್ನು ಕುಟ್ಟಿ ಪುಡಿಮಾಡುತ್ತಿದ್ದರು. ಗಣಿಯ ಚರಿತ್ರೆಯನ್ನು ಬ್ರಿಟಿಷ್ ಕಂಪನಿಯಿಂದಲೇ ಆರಂಭಿಸುವವರು ಈ ಸಂಗತಿಯನ್ನು ದಾಟಿ ಹೋಗುತ್ತಾರೆ. ಅಸ್ಪೃಶ್ಯರೆನಿಸಿಕೊಂಡವರಿಗೂ ಇಲ್ಲಿನ ಚಿನ್ನಕ್ಕೂ ಇದ್ದ ನಂಟು ಕಂಪನಿಗಿಂತ ಹಳೆಯದು.

ನ್ಯೂಜಿಲೆಂಡಿನ ಯುದ್ಧದಲ್ಲಿ ಸೇವೆ ಸಲ್ಲಿಸಿ ಬೆಂಗಳೂರಿನಲ್ಲಿ ನೆಲೆಸಿದ್ದ ಐರಿಷ್ ಸಿಪಾಯಿ ಮೈಕೆಲ್ ಲವೆಲ್ 1875ರಲ್ಲಿ ಮೈಸೂರು ಸರ್ಕಾರದಿಂದ ಗಣಿಗಾರಿಕೆಯ ಪರವಾನಗಿ ಪಡೆದ. ಬೆಂಗಳೂರಿನ ಲವೆಲ್ ರಸ್ತೆ ಅವನದೇ ಹೆಸರಿನದು. ಅವನ ಹಕ್ಕು ಸೇನಾಧಿಕಾರಿಗಳ ಕೂಟಕ್ಕೆ ಹೋಗಿ, 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯ ಕೈಸೇರಿತು. ಮುಂದಿನ ಕೆಲವೇ ವರ್ಷಗಳಲ್ಲಿ ಚಾಂಪಿಯನ್ ರೀಫ್ ಎಂಬ ಸಮೃದ್ಧ ಚಿನ್ನದ ಪದರ ಸಿಕ್ಕಿತು. ಮೈಸೂರು, ಚಾಂಪಿಯನ್ ರೀಫ್, ಉರಿಗಾಂ, ನಂದಿದುರ್ಗ ಗಣಿಗಳು ಒಂದರ ಮಗ್ಗುಲಲ್ಲೊಂದು ಎದ್ದುನಿಂತವು.

ಆಳು ಎಲ್ಲಿಂದ ತರುವುದು ಎಂಬುದು ಕಂಪನಿಯ ಮೊದಲ ತಲೆನೋವು. ಸುತ್ತಲ ಹಳ್ಳಿಗಳ ಕನ್ನಡ, ತೆಲುಗು ರೈತರು ಕೆರೆ ಬಯಲಿನ ರಾಗಿ ಹೊಲ ಬಿಟ್ಟು ಸುರಂಗಕ್ಕೆ ಇಳಿಯುವ ಮನಸ್ಸು ಮಾಡಲಿಲ್ಲ. ಗಡಿಯಾಚೆಯ ಉತ್ತರ ಆರ್ಕಾಟು, ಸೇಲಂ ಜಿಲ್ಲೆಗಳಲ್ಲಿ ಪರಿಸ್ಥಿತಿ ಬೇರೆಯಿತ್ತು. ಧಾತು, ಈಶ್ವರ ಸಂವತ್ಸರಗಳ ಬರ (1876-78) ಆ ಕಡೆಯ ಭೂಮಿಯಿಲ್ಲದ ದಲಿತರನ್ನು ಬೇರುಸಹಿತ ಕಿತ್ತುಹಾಕಿತ್ತು. ಸಿಲೋನಿನ ತೋಟಗಳಿಗೆ, ಬರ್ಮಾಕ್ಕೆ, ದಕ್ಷಿಣ ಆಫ್ರಿಕದ ನಟಾಲಿಗೆ ಹಡಗು ಹತ್ತಿದ ಜನರ ಒಡಹುಟ್ಟಿದವರೇ ಉರಿಗಾಂಗೆ ನಡೆದು ಬಂದರು. ಮುಂಗಡ ಹಣ ಕೊಟ್ಟು ಆಳು ಹಿಡಿಯುವವರು ಮೇಸ್ತ್ರಿಗಳು. ಗಣಿಯಲ್ಲಿ ಕೆಲಸ ಕೊಡುವವರೂ ಕೂಲಿ ಹಂಚುವವರೂ ಅವರೇ. 1894ರಲ್ಲಿ ಬಂಗಾರಪೇಟೆ-ಮಾರಿಕುಪ್ಪಂ ರೈಲು ಓಡತೊಡಗಿದ ಮೇಲೆ ಬರುವವರ ಸಂಖ್ಯೆ ಏರಿತು. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಗಣಿಗಳಲ್ಲಿ 25 ಸಾವಿರಕ್ಕೂ ಹೆಚ್ಚು ಜನ ದುಡಿಯುತ್ತಿದ್ದರು. ಬಂಗಾರಪೇಟೆಗೆ ಆಗ ಬೌರಿಂಗ್‌ಪೇಟೆ ಎಂಬ ಹೆಸರು, ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ನೆನಪಿಗೆ. ಗಣಿಗೆ ಅಂಟಿಕೊಂಡು ಬೆಳೆದ ರಾಬರ್ಟ್‌ಸನ್‌ಪೇಟೆಗೆ ರೆಸಿಡೆಂಟ್ ರಾಬರ್ಟ್‌ಸನ್ ಹೆಸರು. ಊರಿಗೆ ಹೆಸರಿಡುವ ಹಕ್ಕು ಯಾರದಾಗಿತ್ತು ಎಂಬುದು ಇಷ್ಟರಲ್ಲೇ ತಿಳಿಯುತ್ತದೆ.

ಲೈನು

ಕಾರ್ಮಿಕರಿಗೆ ಕಂಪನಿ ಕೊಟ್ಟದ್ದು ಬಿದಿರಿನ ತಟ್ಟಿಯ ಒಂದು ಕೋಣೆ. ಸಾಲು ಸಾಲಾಗಿ ಕಟ್ಟಿದ ಈ ತಟ್ಟಿ ಮನೆಗಳಿಗೆ ಲೈನು ಎಂದು ಹೆಸರು. ಗಣಿಯ ಹೆಸರೋ ಶಾಫ್ಟಿನ ಹೆಸರೋ ಲೈನಿನ ಗುರುತಾಯಿತು. ಎದುರಿನ ಗುಡ್ಡದ ಮೇಲೆ ತೋಟ, ಲಾಯ, ಅಗ್ಗಿಷ್ಟಿಕೆ ಸಹಿತದ ಬಂಗಲೆಗಳು. ಕಾರ್ನ್‌ವಾಲಿನಿಂದ ಬಂದ ಗಣಿಗಾರರು, ಇಟಲಿಯವರು, ನಡುವಣ ಹುದ್ದೆಗಳ ಆಂಗ್ಲೋ-ಇಂಡಿಯನ್ನರು, ಕಾವಲಿಗೆ ಪಂಜಾಬಿಗಳು: ಒಬ್ಬೊಬ್ಬರಿಗೂ ಒಂದೊಂದು ಎತ್ತರದ ನೆಲೆ ಗೊತ್ತಾಗಿತ್ತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 150 ಕಿ.ಮೀ. ತಂತಿಯಲ್ಲಿ ಹರಿದು ನೇರ ಗಣಿಗೆ ಬಂತು. ಬೆಂಗಳೂರು ನಗರದ ಬೀದಿ ಬೆಳಗಿದ್ದು 1905ರಲ್ಲಿ. ಈ ಬೆಳಕಿನ ಬಗ್ಗೆ ಕೆಜಿಎಫ್‌ (ಕೋಲಾರ್ ಗೋಲ್ಡ್ ಫೀಲ್ಡ್ಸ್) ಊರಿನವರು ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ. ಯಂತ್ರಕ್ಕೆಂದು ಬಂದ ಆ ಬೆಳಕು ತಟ್ಟಿ ಮನೆಯೊಳಗೆ ಬರಲು ಬಹಳ ಕಾಲ ಹಿಡಿಯಿತು.

ಕೆಳಗೆ ಇನ್ನೊಂದು ಲೋಕ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಹೋಯಿತು. ತಳದ ಬಂಡೆ ಮುಟ್ಟಿದರೆ ಕೈ ಸುಡುವಷ್ಟು ಬಿಸಿ, 60 ಡಿಗ್ರಿ ಸೆಲ್ಸಿಯಸ್ ಮೀರುವಂಥದ್ದು. ಮೇಲಿನ ಭಾರಕ್ಕೆ ಬಂಡೆ ಇದ್ದಕ್ಕಿದ್ದಂತೆ ಸಿಡಿಯುವುದನ್ನು ಗಣಿಯವರು ಏರ್ ಬ್ಲಾಸ್ಟ್ ಎನ್ನುತ್ತಿದ್ದರು. ಮೇಲಿದ್ದ ಮನೆಯ ಪಾತ್ರೆಗಳು ಅಲುಗಿದರೆ ಹೆಂಗಸರು ಶಾಫ್ಟಿನ ಕಡೆ ಓಡುತ್ತಿದ್ದರು. ಕಲ್ಲಿನ ದೂಳು ಶ್ವಾಸಕೋಶಕ್ಕೆ ಇಳಿದು ಬರುವ ಸಿಲಿಕೋಸಿಸ್ ನಿಧಾನದ ಸಾವು. ಜಾತಿಯ ದೃಷ್ಟಿಯಿಂದ ನೋಡಿದರೆ ಈ ಅಪಾಯಕ್ಕೆ ಬೇರೊಂದು ಮುಖವೂ ಇದೆ. ಊರಿನಲ್ಲಿ ಮುಟ್ಟಿಸಿಕೊಳ್ಳದವರು ಇಲ್ಲಿ ಒಂದೇ ತೊಟ್ಟಿಲಲ್ಲಿ ನಿಂತು ಕೆಳಗಿಳಿದರು, ತಿಂಗಳಿಗೆ ನಗದು ಕೂಲಿ ಎಣಿಸಿದರು, ಊರ ಗೌಡನ ಹಂಗಿನಿಂದ ಹೊರಬಂದರು. ಲೈನಿನಲ್ಲಿ ಎಲ್ಲರೂ ಅವರವರೇ ಆದ್ದರಿಂದ ಕೈಕಟ್ಟಿ ಬದಿಗೆ ಸರಿಯುವ ಪ್ರಮೇಯವಿರಲಿಲ್ಲ. ಗಣಿ ಅವರನ್ನು ಹಿಂಡಿತು, ನಿಜ. ಹಳ್ಳಿಯ ಕಟ್ಟಿನಿಂದ ಬಿಡಿಸಿದ್ದೂ ಅದೇ. ಮುಂದಿನದೆಲ್ಲ ಈ ಎರಡು ಮಾತುಗಳ ನಡುವೆ ನಡೆದದ್ದು.

ಬೌದ್ಧರಾದದ್ದು

ಈ ಸಮುದಾಯದ ಇತಿಹಾಸದಲ್ಲಿ ಅತ್ಯಂತ ಸ್ವಂತದ್ದಾದ ಅಧ್ಯಾಯ ಇದು; ಕನ್ನಡದಲ್ಲಿ ಅತಿ ಕಡಿಮೆ ಬರೆಯಲ್ಪಟ್ಟದ್ದೂ ಇದೇ. ಮದ್ರಾಸಿನ ಸಿದ್ಧವೈದ್ಯ, ಪಂಡಿತ ಅಯೋತಿದಾಸರ್ (1845-1914) ಪರೆಯರು ಹಿಂದೂ ಸಮಾಜದ ಕೊನೆಯ ಮೆಟ್ಟಿಲಲ್ಲ, ಜಾತಿಯನ್ನು ಒಪ್ಪದಿದ್ದುದಕ್ಕೆ ಕೆಳಕ್ಕೆ ತಳ್ಳಲ್ಪಟ್ಟ ಮೂಲ ಬೌದ್ಧರು ಎಂದು ವಾದಿಸಿದರು. 1898ರಲ್ಲಿ ಥಿಯಾಸಫಿಕಲ್ ಸೊಸೈಟಿಯ ಕರ್ನಲ್ ಆಲ್ಕಾಟರ ಜೊತೆ ಸಿಲೋನಿಗೆ ಹೋಗಿ ಪಂಚಶೀಲ ಸ್ವೀಕರಿಸಿ ಬಂದು ಮದ್ರಾಸಿನಲ್ಲಿ ಶಾಕ್ಯ ಬೌದ್ಧ ಸಂಘ ಸ್ಥಾಪಿಸಿದರು. 1907ರಲ್ಲಿ ‘ಒರು ಪೈಸಾ ತಮಿಳನ್’ ಎಂಬ ವಾರಪತ್ರಿಕೆ ಆರಂಭಿಸಿದರು. ಒಂದು ಪೈಸೆಗೆ ಸಿಗುವ ಪತ್ರಿಕೆ ಎಂಬುದು ಹೆಸರಿನಲ್ಲೇ ಇತ್ತು, ವರ್ಷ ಕಳೆದ ಮೇಲೆ ಬರಿಯ ‘ತಮಿಳನ್’ ಆಯಿತು. ಅದೇ 1907ರಲ್ಲಿ ಮಾರಿಕುಪ್ಪಂನಲ್ಲಿ ಸಂಘದ ಶಾಖೆ ತೆರೆಯಿತು. ಬೆಂಗಳೂರು, ಹುಬ್ಬಳ್ಳಿ, ತಿರುಪ್ಪತ್ತೂರು, ರಂಗೂನ್, ದಕ್ಷಿಣ ಆಫ್ರಿಕದವರೆಗೆ ಹರಡಿದ ಶಾಖೆಗಳ ಜಾಲದಲ್ಲಿ ಚಿನ್ನದ ಗಣಿಯದೇ ಬಲವಾದ ಕೊಂಡಿ. ಕಾರಣ ಸರಳ: ಇಲ್ಲಿ ನಗದು ಸಂಬಳವಿತ್ತು, ಸಾವಿರಾರು ಜನ ಒಂದೇ ಕಡೆ ಇದ್ದರು, ತಡೆಯಲು ಊರ ಯಜಮಾನರಿರಲಿಲ್ಲ.

ಅಯೋತಿದಾಸರ ವಿಧಾನ ಕುತೂಹಲದ್ದು. ಜನ ಆಚರಿಸುತ್ತಿದ್ದ ಹಬ್ಬಗಳನ್ನು ಬಿಡಿ ಎನ್ನಲಿಲ್ಲ. ಅವುಗಳ ಕತೆಯನ್ನು ಬದಲಾಯಿಸಿದರು. ದೀಪಾವಳಿ ಅವರ ವ್ಯಾಖ್ಯಾನದಲ್ಲಿ ನರಕಾಸುರನನ್ನು ಕೊಂದ ದಿನವಲ್ಲ, ಬೌದ್ಧ ಭಿಕ್ಷುಗಳು ಎಳ್ಳೆಣ್ಣೆಯ ಉಪಯೋಗವನ್ನು ಜನರಿಗೆ ತಿಳಿಸಿಕೊಟ್ಟ ದಿನ. ಸಂಕ್ರಾಂತಿಯ ಹಿಂದಿನ ಭೋಗಿ ಹಬ್ಬ ನಿಜಕ್ಕೂ ಬೋಧಿ ಹಬ್ಬ. ಭಾಷಾಶಾಸ್ತ್ರದ ಒರೆಗಲ್ಲಿಗೆ ಹಚ್ಚಿದರೆ ಈ ವ್ಯುತ್ಪತ್ತಿಗಳಲ್ಲಿ ಹಲವು ನಿಲ್ಲಲಾರವು. ಹಾಗೆಂದು ಅವನ್ನು ಪಕ್ಕಕ್ಕೆ ಸರಿಸುವುದು ಅವಸರದ ತೀರ್ಮಾನವಾದೀತು. ಲೈನಿನ ಒಂದು ಕೋಣೆಯಲ್ಲಿ ಎಣ್ಣೆ ನೀರು ಹಾಕಿಕೊಂಡು ದೀಪಾವಳಿ ಮಾಡುವ ಕುಟುಂಬಕ್ಕೆ, ಈ ಹಬ್ಬ ನಮ್ಮನ್ನು ಹೊರಗಿಟ್ಟವರದಲ್ಲ, ನಮ್ಮ ಹಿರಿಯರದು ಎಂಬ ಹಕ್ಕು ದಕ್ಕಿತು. ಹಬ್ಬದಡುಗೆ ಬದಲಾಗಲಿಲ್ಲ, ತಿನ್ನುವವರ ಸ್ಥಾನ ಬದಲಾಯಿತು.

ಮದ್ರಾಸಿನ ಪ್ರೊಫೆಸರ್ ಪಿ. ಲಕ್ಷ್ಮೀನರಸು ವೈಚಾರಿಕ ಬೌದ್ಧಧರ್ಮದ ಪರವಾಗಿದ್ದವರು. ಅವರ ‘ದಿ ಎಸೆನ್ಸ್ ಆಫ್ ಬುದ್ಧಿಸಂ’ (1907) ಕೃತಿಯನ್ನು 1948ರಲ್ಲಿ ಅಂಬೇಡ್ಕರ್ ಮುನ್ನುಡಿ ಬರೆದು ಮರುಮುದ್ರಿಸಿದರು. ಅಯೋತಿದಾಸರ ಪುರಾಣದ ಧಾಟಿ, ನರಸು ಅವರ ತರ್ಕದ ಧಾಟಿ, ಎರಡಕ್ಕೂ ಗಣಿಯಲ್ಲಿ ಕೇಳುವ ಕಿವಿಗಳಿದ್ದವು. ಅಯೋತಿದಾಸರು ತೀರಿಕೊಂಡ ಮೇಲೆ ನಿಂತುಹೋಗಿದ್ದ ‘ತಮಿಳನ್’ ಪತ್ರಿಕೆ 1920ರ ದಶಕದಲ್ಲಿ ಜಿ. ಅಪ್ಪಾದುರೈಯಾರ್ ಸಂಪಾದಕತ್ವದಲ್ಲಿ ಚಿನ್ನದ ಗಣಿಯಿಂದಲೇ ಮತ್ತೆ ಹೊರಬರತೊಡಗಿತು. ಚಾಂಪಿಯನ್ ರೀಫ್‌ನ ಸಿದ್ಧಾರ್ಥ ಪುಸ್ತಕಶಾಲೆ ಅಯೋತಿದಾಸರ ಬರಹಗಳನ್ನು ಅಚ್ಚುಹಾಕಿತು. ಪೆರಿಯಾರರ ಸ್ವಾಭಿಮಾನ ಚಳವಳಿ ಇಲ್ಲಿ ಬೇಗ ಬೇರೂರಿದ್ದಕ್ಕೆ ನೆಲವನ್ನು ಹದ ಮಾಡಿಟ್ಟವರು ಈ ಬೌದ್ಧರು.

ದೂರದ ಒಂದು ಹೋಲಿಕೆ ಇಲ್ಲಿ ನೆನಪಾಗುತ್ತದೆ. ಅಮೆರಿಕದ ಚೆರೋಕಿ ಬುಡಕಟ್ಟಿನವರು ಸಿಕ್ವೋಯಾ ಎಂಬ ತಮ್ಮವನೇ ರೂಪಿಸಿದ ಲಿಪಿಯಲ್ಲಿ, ಇಂಗ್ಲಿಷಿನ ಜೊತೆ, 1828ರಲ್ಲಿ ‘ಚೆರೋಕಿ ಫೀನಿಕ್ಸ್’ ಪತ್ರಿಕೆ ಹೊರಡಿಸಿದರು. ಹತ್ತು ವರ್ಷದಲ್ಲಿ ಅವರನ್ನು ನೆಲದಿಂದ ಎಬ್ಬಿಸಿ ಪಶ್ಚಿಮಕ್ಕೆ ಅಟ್ಟಲಾಯಿತು, ಆದರೆ ಲಿಪಿಯೂ ಮಾತೂ ಜೊತೆಗೆ ಹೋದವು. ಚೆರೋಕಿಗಳು ಕಳೆದುಕೊಂಡದ್ದು ಪೂರ್ವಜರ ನೆಲವನ್ನು. ಉರಿಗಾಂಗೆ ಬಂದವರಿಗೆ ಕಳೆದುಕೊಳ್ಳಲು ನೆಲವೇ ಇರಲಿಲ್ಲ. ಆದರೂ ಇಬ್ಬರೂ ಅಚ್ಚಿನ ಮೊಳೆಯನ್ನು ಹಿಡಿದದ್ದು ಒಂದೇ ಉದ್ದೇಶಕ್ಕೆ: ತಮ್ಮ ಬಗ್ಗೆ ಬೇರೆಯವರು ಬರೆಯುವ ಮುನ್ನ ತಾವೇ ಬರೆದುಕೊಳ್ಳಲು.

ಹೆಬ್ಬೆಟ್ಟು, ಕೆಂಬಾವುಟ

ಕಂಪನಿಗೆ ಬೇಕಾದ ಗುರುತೇ ಬೇರೆ. ಚಿನ್ನದ ಕಳವು ಅದರ ನಿತ್ಯದ ಭಯ. ಮೈಸೂರು ಸರ್ಕಾರದ ಗಣಿ ಕಾನೂನುಗಳಲ್ಲಿ ಕಾರ್ಮಿಕನ ಸುರಕ್ಷೆಗಿಂತ ಅವನ ಸೊಂಟದ ಗಂಟಿನ ಮೇಲೆ ಹೆಚ್ಚು ಕಣ್ಣು. 1930ರಲ್ಲಿ ಗುತ್ತಿಗೆ ಕಾರ್ಮಿಕರೆಲ್ಲ ಹೆಬ್ಬೆಟ್ಟು ಒತ್ತಿ ನೋಂದಾಯಿಸಿಕೊಳ್ಳಬೇಕೆಂಬ ಹೊಸ ನಿಯಮ ಬಂದಾಗ ಗಣಿಗಳು 21 ದಿನ ನಿಂತವು. ಕೂಲಿಯ ಬೇಡಿಕೆಯಿಂದಲ್ಲ, ಗುರುತಿನ ಪ್ರಶ್ನೆಯಿಂದ ಹುಟ್ಟಿದ ಮುಷ್ಕರ ಅದು. ಹೆಬ್ಬೆಟ್ಟು ಒತ್ತಿಸುವುದು ಕಳ್ಳರಿಂದ ಎಂಬ ಭಾವನೆ ಜನರಲ್ಲಿ ಗಟ್ಟಿಯಾಗಿತ್ತು. ಒಂದು ಗಣಿಯಲ್ಲಿ ಕೆಲಸ ಬಿಟ್ಟವನಿಗೆ ಇನ್ನೊಂದರಲ್ಲಿ ಬಾಗಿಲು ಮುಚ್ಚಲು ಈ ದಾಖಲೆ ಸಾಕೆಂಬ ಆತಂಕವೂ ಇತ್ತು. ಕಾರ್ಮಿಕ ಸಂಘವೇ ಇಲ್ಲದಿದ್ದ ಕಾಲದಲ್ಲಿ ಇಷ್ಟು ದಿನದ ಮುಷ್ಕರವನ್ನು ಹಿಡಿದು ನಿಲ್ಲಿಸಿದ್ದು ಲೈನುಗಳೊಳಗಿನ ನಂಟು. ಇತಿಹಾಸಕಾರ್ತಿ ಜಾನಕಿ ನಾಯರ್ ‘ಮೈನರ್ಸ್ ಅಂಡ್ ಮಿಲ್‌ಹ್ಯಾಂಡ್ಸ್’ (1998) ಕೃತಿಯಲ್ಲಿ ಬೆಂಗಳೂರಿನ ಗಿರಣಿ ಕಾರ್ಮಿಕರ ಪಕ್ಕದಲ್ಲಿ ಈ ಗಣಿ ಕಾರ್ಮಿಕರನ್ನು ಇಟ್ಟು ನೋಡಿದ್ದಾರೆ. ಗಣಿಯ ಬದುಕಿನ ಬಗ್ಗೆ ಆಳವಾದ ಅಧ್ಯಯನಗಳಲ್ಲಿ ಅದು ಮುಖ್ಯವಾದದ್ದು.

ನಲವತ್ತರ ದಶಕದಲ್ಲಿ ಕಮ್ಯುನಿಸ್ಟರ ನಾಯಕತ್ವದ ಸಂಘಗಳು ಬಲಗೊಂಡವು. ಕೆ.ಎಸ್. ವಾಸನ್, ವಿ.ಎಂ. ಗೋವಿಂದನ್ ಆ ಕಾಲದ ಮುಂದಾಳುಗಳು. 1946ರ ನವೆಂಬರ್ 4ರಂದು ಪೊಲೀಸರ ಗೋಲಿಬಾರಿಗೆ 6 ಮಂದಿ ಕಾರ್ಮಿಕರು ಬಲಿಯಾದರು. ಅಲ್ಲಿಂದ ಈಚೆಗೆ ನವೆಂಬರ್ 4 ಗಣಿಯಲ್ಲಿ ಹುತಾತ್ಮರ ದಿನ. ಕರ್ನಾಟಕಕ್ಕೆಲ್ಲ ನವೆಂಬರ್ 1 ಹಬ್ಬವಾದರೆ ಇಲ್ಲಿ ಮೂರು ದಿನ ತಡೆದು ಇನ್ನೊಂದು ನೆನಪು ಬರುತ್ತದೆ. ಎರಡಕ್ಕೂ ಜಾಗ ಮಾಡಿಕೊಂಡ ಊರು ಇದು.

ಡಾ. ಬಿ.ಆರ್. ಅಂಬೇಡ್ಕರ್ 1954ರಲ್ಲಿ ಗಣಿಗೆ ಬಂದರು. ಅವರು ನಾಗಪುರದಲ್ಲಿ ಬೌದ್ಧಧರ್ಮ ಸ್ವೀಕರಿಸಿದ್ದು ಎರಡು ವರ್ಷದ ಬಳಿಕ. ಮಾರಿಕುಪ್ಪಂನಲ್ಲಿ ಆಗಲೇ ಅರ್ಧ ಶತಮಾನದ ಬೌದ್ಧ ಪರಂಪರೆ ಇತ್ತು. ಈ ಪರಂಪರೆಗೆ ದೊಡ್ಡ ತೊಡಕು ಬಂದದ್ದು ಕಾನೂನಿನಿಂದ. 1950ರ ಪರಿಶಿಷ್ಟ ಜಾತಿಗಳ ಆದೇಶ ಹಿಂದೂಗಳಿಗೆ ಮಾತ್ರ ಆ ಸೌಲಭ್ಯ ಕೊಟ್ಟಿತ್ತು. 1956ರಲ್ಲಿ ಸಿಖ್ಖರು ಸೇರಿದರು, ಬೌದ್ಧರು ಸೇರಿದ್ದು 1990ರಲ್ಲಿ. ಈ ನಡುವಿನ ನಲವತ್ತು ವರ್ಷ ಬೌದ್ಧನೆಂದು ಬರೆಸಿದವನ ಮಗನಿಗೆ ಮೀಸಲಾತಿಯಿಲ್ಲ. ಮನೆಯೊಳಗೆ ಬುದ್ಧನ ಪಟ, ಶಾಲೆಯ ದಾಖಲೆಯಲ್ಲಿ ‘ಹಿಂದೂ ಆದಿದ್ರಾವಿಡ’ ಎಂಬ ಇಬ್ಬಂದಿ ಹೀಗೆ ಹುಟ್ಟಿತು. ಮೈಸೂರು ಸರ್ಕಾರ ‘ಪಂಚಮ’ ಎಂಬ ಹಳೆಯ ಪದ ತೆಗೆದು ಕನ್ನಡ ಮಾತಾಡುವವರಿಗೆ ಆದಿಕರ್ನಾಟಕ, ತಮಿಳು ಮಾತಾಡುವವರಿಗೆ ಆದಿದ್ರಾವಿಡ ಎಂದು ಹೆಸರಿಟ್ಟಿತ್ತು. ಗೌರವಕ್ಕಾಗಿ ಬಂದ ಹೆಸರು ಕೊನೆಗೆ ಸರ್ಟಿಫಿಕೇಟಿನ ಹೆಸರಾಯಿತು. ಕ್ರೈಸ್ತರಾದ ದಲಿತರಿಗೆ ಆ ಬಾಗಿಲು ಇನ್ನೂ ತೆರೆದಿಲ್ಲ. ಉರಿಗಾಂ, ಚಾಂಪಿಯನ್ ರೀಫ್‌ನ ಚರ್ಚುಗಳ ಸುತ್ತಲ ಕುಟುಂಬಗಳಿಗೆ ಇದು ಇವತ್ತಿನ ಪ್ರಶ್ನೆ.

ಚುನಾವಣೆಯಲ್ಲೂ ಈ ಕ್ಷೇತ್ರ ರಾಜ್ಯದ ಗಾಳಿಗೆ ವಿರುದ್ಧವಾಗಿಯೇ ಬಹುಕಾಲ ನಡೆಯಿತು. ಕಮ್ಯುನಿಸ್ಟರು, ಅಂಬೇಡ್ಕರ್ ಪರಂಪರೆಯ ರಿಪಬ್ಲಿಕನ್ ಪಕ್ಷದ ಸಿ.ಎಂ. ಆರುಮುಗಂ, 1985ರಲ್ಲಿ ಸಿಪಿಎಂನ ಟಿ.ಎಸ್. ಮಣಿ, 1999ರಲ್ಲಿ ಅಣ್ಣಾ ಡಿಎಂಕೆಯ ಎಂ. ಭಕ್ತವತ್ಸಲಂ ಇಲ್ಲಿಂದ ಗೆದ್ದು ಬೆಂಗಳೂರಿನ ವಿಧಾನಸೌಧಕ್ಕೆ ಹೋದರು. ತಮಿಳುನಾಡಿನ ಪಕ್ಷವೊಂದು ಕರ್ನಾಟಕದಲ್ಲಿ ಗೆದ್ದದ್ದನ್ನು ಕನ್ನಡ ಪತ್ರಿಕೆಗಳು ಭಾಷಾಭಿಮಾನದ ಸಂಗತಿಯಾಗಿ ಓದಿದವು. ಗಣಿಯವರ ಮಟ್ಟಿಗೆ ಅದು ಅಷ್ಟೇ ಆಗಿರಲಿಲ್ಲ. ತಮ್ಮ ಲೈನಿನ ಮನುಷ್ಯ ಗೆಲ್ಲಬೇಕು, ಅವನ ಪಕ್ಷ ಯಾವುದಾದರೂ ಇರಲಿ ಎಂಬ ಲೆಕ್ಕವೂ ಸೇರಿತ್ತು.

ಮಾತು

ಗಣಿಯ ತಮಿಳು ಚೆನ್ನೈನದಲ್ಲ, ವೇಲೂರಿನದೂ ಈಗ ಪೂರ್ತಿ ಅಲ್ಲ. ಶಾಫ್ಟು, ಶಿಫ್ಟು, ಮಿಲ್ಲು, ಕೇಜು ಇವೆಲ್ಲ ಅದರ ಸ್ವಂತ ಪದಗಳೇ ಆಗಿವೆ. ಸಂತೆಯಿಂದ ತೆಲುಗು, ಕಚೇರಿಯಿಂದ ಕನ್ನಡ ಬಂದು ಸೇರಿಕೊಂಡಿವೆ. ಗಣಿಯಲ್ಲಿ ತಮಿಳು ಮಾಧ್ಯಮದ ಶಾಲೆಗಳು ದೀರ್ಘಕಾಲ ನಡೆದವು. 1982ರ ಗೋಕಾಕ್ ಚಳವಳಿ ಕನ್ನಡಿಗರಿಗೆ ನಾಡಿನ ಎಚ್ಚರವಾದರೆ, ಇಲ್ಲಿನ ಲೈನುಗಳಲ್ಲಿ ಅದು ಆತಂಕವಾಗಿ ಕೇಳಿಸಿತು. 1991ರ ಕಾವೇರಿ ಗಲಭೆ ಆ ಆತಂಕವನ್ನು ಹೆಚ್ಚಿಸಿತು. ಕಾಸರಗೋಡಿನಲ್ಲಿ ಕನ್ನಡ ಶಾಲೆ ಮುಚ್ಚುವಾಗ ನಮಗಾಗುವ ಸಂಕಟವನ್ನು ಬಲ್ಲವರಿಗೆ ಉರಿಗಾಂನ ಈ ಆತಂಕ ಅರ್ಥವಾಗಬೇಕು. ಆದರೆ ಕನ್ನಡದಲ್ಲಿ ಈ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವವರು ಕಡಿಮೆ. ತಮಿಳು ಶಾಲೆಗಳು ಬರಿದಾಗಿದ್ದಕ್ಕೆ ಮುಖ್ಯ ಕಾರಣ ಚಳವಳಿಯಲ್ಲ, ಗಣಿ ಮುಚ್ಚಿದ್ದು. ಬೆಂಗಳೂರಿನಲ್ಲಿ ಕೆಲಸ ಬೇಕಾದ ಮೇಲೆ ಮಕ್ಕಳು ಇಂಗ್ಲಿಷ್ ಮಾಧ್ಯಮಕ್ಕೂ ಕನ್ನಡದ ಕಲಿಕೆಗೂ ಹೊರಳಿದರು.

ಆಂಗ್ಲೋ-ಇಂಡಿಯನ್ನರದು ಬೇರೆ ದಾರಿ. ಸ್ವಾತಂತ್ರ್ಯದ ನಂತರ, ಅದರಲ್ಲೂ 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡ ಮೇಲೆ ಅವರಲ್ಲಿ ಬಹುಮಂದಿ ಇಂಗ್ಲೆಂಡ್, ಆಸ್ಟ್ರೇಲಿಯಗಳಿಗೆ ಹೋದರು. ‘ಲಿಟ್ಲ್ ಇಂಗ್ಲೆಂಡ್’ ಎಂಬ ಮಾತು ಉಳಿದಿರುವುದು ಅವರ ನೆನಪುಗಳಲ್ಲಿ. ಬ್ರಿಜೆಟ್ ವೈಟ್-ಕುಮಾರ್ ಗಣಿಯ ಆಂಗ್ಲೋ-ಇಂಡಿಯನ್ ಅಡುಗೆಯನ್ನು ಪುಸ್ತಕಗಳಲ್ಲಿ ದಾಖಲಿಸಿದ್ದಾರೆ. ಬಂಗಲೆಯ ಸಾರಿನ ಪಾಕ ಹೀಗೆ ಅಚ್ಚಾಗಿದೆ. ಲೈನಿನ ಅಡುಗೆಗೆ ಇನ್ನೂ ಅಂಥ ಪುಸ್ತಕ ಬರಬೇಕು.

ಗಣಿ ಮುಚ್ಚಿದ ಮೇಲೆ

ರಾಷ್ಟ್ರೀಕರಣದ ಬಳಿಕ ಗಣಿಗಳು 1962ರಲ್ಲಿ ಕೇಂದ್ರ ಸರ್ಕಾರಕ್ಕೆ ಹೋಗಿ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಆದವು. ಅದಿರಿನಲ್ಲಿ ಚಿನ್ನದ ಪ್ರಮಾಣ ಇಳಿಯುತ್ತ, ಆಳ ಹೆಚ್ಚುತ್ತ, ತೆಗೆಯುವ ಖರ್ಚು ಚಿನ್ನದ ಬೆಲೆಯನ್ನು ಮೀರಿತು. 2001ರ ಫೆಬ್ರವರಿ 28ರಂದು ಬಾಗಿಲು ಹಾಕಲಾಯಿತು. ನೀರೆತ್ತುವ ಪಂಪುಗಳು ನಿಂತವು, ಸುರಂಗಗಳು ತುಂಬಿದವು. 1965ರಲ್ಲಿ ಭೂಮಿಯಾಳದಲ್ಲಿ ನ್ಯೂಟ್ರಿನೋ ಪತ್ತೆ ಮಾಡಿ ಜಗತ್ತಿನ ವಿಜ್ಞಾನಿಗಳ ಗಮನ ಸೆಳೆದ ಪ್ರಯೋಗ ನಡೆದ ಹಂತಗಳೂ ಈಗ ನೀರಿನೊಳಗೆ.

ಮೇಲೆ ಉಳಿದದ್ದು ಸೈನೈಡ್ ದಿಬ್ಬಗಳು. ಅದಿರು ಅರೆದು ಚಿನ್ನ ತೆಗೆದು ಬಿಟ್ಟ ಪುಡಿ 13 ಗುಡ್ಡಗಳಾಗಿ, ಸುಮಾರು 33 ದಶಲಕ್ಷ ಟನ್ನಿನಷ್ಟು ನಿಂತಿದೆ. ಗಾಳಿಯ ಕಾಲದಲ್ಲಿ ಅದರ ದೂಳು ಮನೆಯೊಳಗೂ ಅನ್ನದ ತಟ್ಟೆಯೊಳಗೂ ಇಳಿಯುತ್ತದೆ. ಈ ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು.

ಹೊರಗಿನ ಜಗತ್ತಿಗೆ ಈ ಮೂರಕ್ಷರ ಪರಿಚಿತವಾದದ್ದು 2018ರ ಕನ್ನಡ ಸಿನಿಮಾದಿಂದ. ಪ್ರಶಾಂತ್ ನೀಲ್ ನಿರ್ದೇಶನದ ‘ಕೆಜಿಎಫ್’ನ ಗಣಿ ಕಾಲ್ಪನಿಕವಾದದ್ದು, ಅದರ ಕಾರ್ಮಿಕರು ಹೆಸರಿಲ್ಲದ ಗುಲಾಮರು, ಹೊರಗಿನಿಂದ ಒಬ್ಬ ವೀರ ಬಂದು ಬಿಡಿಸುವವರೆಗೆ ಕಾಯುವವರು. ಮನರಂಜನೆಗೆ ಅದು ಸರಿಯಿರಬಹುದು. ಆದರೆ 21 ದಿನ ಮುಷ್ಕರ ಮಾಡಿದ, ಸ್ವಂತ ಅಚ್ಚುಕೂಟ ನಡೆಸಿದ ಜನರ ಊರಿಗೆ ಅದು ತಕ್ಕ ಚಿತ್ರವಲ್ಲ. 2024ರ ಆಗಸ್ಟ್‌ನಲ್ಲಿ ಬಂದ ಪಾ. ರಂಜಿತ್ ಅವರ ತಮಿಳು ಚಿತ್ರ ‘ತಂಗಲಾನ್’ ಚಿನ್ನ, ಜಾತಿ, ಬುದ್ಧನ ವಿಗ್ರಹಗಳನ್ನು ಒಂದೇ ಕತೆಯಲ್ಲಿ ತಂದದ್ದರಿಂದ ಮಾರಿಕುಪ್ಪಂನ ಹಳೆಯ ಬೌದ್ಧರ ಬಗ್ಗೆ ಹೊಸ ಮಾತು ಹುಟ್ಟಿತು. ಅದಕ್ಕೂ ಬಹಳ ಮುಂಚೆ, 1998ರಲ್ಲೇ, ಜಿ. ಅಲೋಶಿಯಸ್ ತಮಿಳು ಬೌದ್ಧ ಚಳವಳಿಯ ಬಗ್ಗೆ ಬರೆದ ಗ್ರಂಥದಲ್ಲಿ ಗಣಿಯ ಪಾತ್ರವನ್ನು ವಿಸ್ತಾರವಾಗಿ ಗುರುತಿಸಿದ್ದರು.

ಸಮುದಾಯ ಈಗ ಎರಡು ಊರುಗಳ ನಡುವೆ ಬದುಕುತ್ತದೆ. ಗಣಿ ಮುಚ್ಚಿದ ಮೇಲೂ ಬಹುಪಾಲು ಕುಟುಂಬಗಳು ಲೈನು ಬಿಟ್ಟು ಹೋಗಲಿಲ್ಲ. ಕೆಲಸ ಮಾತ್ರ ನೂರು ಕಿಲೋಮೀಟರ್ ದೂರದ ಬೆಂಗಳೂರಿಗೆ ಹೋಯಿತು. ಬೆಳಗಿನ ಜಾವ ಮಾರಿಕುಪ್ಪಂನಲ್ಲಿ ತುಂಬಿಕೊಳ್ಳುವ ರೈಲು ಚಾಂಪಿಯನ್, ಉರಿಗಾಂ, ಕೋರಮಂಡಲ್ ದಾಟುವವರೆಗೆ ಅದರೊಳಗೆಲ್ಲ ತಮಿಳು. ಬಂಗಾರಪೇಟೆಯಲ್ಲಿ ತೆಲುಗು ಹತ್ತುತ್ತದೆ, ಟೇಕಲ್, ಮಾಲೂರಿನಲ್ಲಿ ಕನ್ನಡ. ವೈಟ್‌ಫೀಲ್ಡ್, ಕೃಷ್ಣರಾಜಪುರದ ನಿಲ್ದಾಣಗಳಲ್ಲಿ ಇಳಿದು ಹರಡಿಹೋಗುವ ಕಾವಲುಗಾರರು, ಫಿಟ್ಟರುಗಳು, ಅಂಗಡಿ ಹುಡುಗಿಯರು ರಾತ್ರಿ ಮತ್ತೆ ಅದೇ ಸಾಲಿನ ರೈಲು ಹತ್ತುತ್ತಾರೆ. ಊರು ಯಾವುದೆಂದು ಕೇಳಿದರೆ ತಮಿಳುನಾಡು ಎನ್ನುವುದಿಲ್ಲ, ಕೋಲಾರ ಎಂದೂ ಅಪರೂಪ. ಕೆಜಿಎಫ್ ಎನ್ನುತ್ತಾರೆ, ಯಾವ ಕಡೆ ಎಂದು ಮತ್ತೆ ಕೇಳಿದರೆ ಲೈನಿನ ಹೆಸರು ಹೇಳುತ್ತಾರೆ.